ಬರೆ ಜರಿದ ಮೇಲೆ ಯಾರ ಹಣ?



ಒಂದು ಹೆಕ್ಟೇರಿಗೆ 37,500 ರೂಪಾಯಿ. ಎಕರೆ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ಹದಿನೈದು ಸಾವಿರ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜರಿದಾಗ, ಕಾಲಡಿಯ ನೆಲವನ್ನೇ ಕಳೆದುಕೊಂಡ ರೈತನಿಗೆಂದು ದೇಶದ ವಿಪತ್ತು ಪರಿಹಾರದ ನಿಯಮಾವಳಿಯಲ್ಲಿ ಬರೆದಿದ್ದ ಮೊತ್ತ ಇದು. ಬೆಳೆ ಹೋದದ್ದಕ್ಕೆ ಬೇರೆ ಲೆಕ್ಕವಿತ್ತು. ಇದು ಭೂಮಿಯೇ ಇಲ್ಲವಾದದ್ದಕ್ಕೆ. ಅದೂ ಸಣ್ಣ, ಅತಿಸಣ್ಣ ರೈತರಿಗೆ ಮಾತ್ರ. ಅವರಲ್ಲೂ ಕಂದಾಯ ದಾಖಲೆಯಲ್ಲಿ ಒಡೆತನ ಸರಿಯಾಗಿದ್ದವರಿಗೆ ಮಾತ್ರ. 2022ರಲ್ಲಿ ಈ ಮೊತ್ತವನ್ನು 47,000ಕ್ಕೆ ಏರಿಸಿದರು.

ಮಳೆಗಾಲ ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಮಾತೆಲ್ಲ ಮಳೆಯದೇ. ಎಷ್ಟು ಇಂಚು ಬಿತ್ತು, ಯಾವ ರಸ್ತೆ ಕಡಿದುಹೋಯಿತು, ಎಲ್ಲಿ ಬರೆ, ಎಂದರೆ ಗುಡ್ಡದ ಕಡಿದಾದ ಮಗ್ಗುಲು, ಬಿರುಕು ಬಿಟ್ಟಿದೆ. ಮರ ಕಡಿದವರ ಬಗ್ಗೆ, ಗುಡ್ಡ ಅಗೆದು ರೆಸಾರ್ಟ್ ಕಟ್ಟಿದವರ ಬಗ್ಗೆಯೂ ಮಾತಾಗುತ್ತದೆ, ಆಗಬೇಕಾದದ್ದೇ. ಆದರೆ ಬೆಟ್ಟ ಜರಿದ ಮೇಲೆ ಊರು ಮತ್ತೆ ಎದ್ದು ನಿಲ್ಲಲು ಬೇಕಾದ ಹಣ ಎಲ್ಲಿಂದ ಬರುತ್ತದೆ, ಯಾರ ಪಾಲು ಎಷ್ಟು, ಯಾವ ಅಳತೆಯಲ್ಲಿ ಹಂಚುತ್ತಾರೆ ಎಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಇಂದು ಆ ಹಣದ ವಿಚಾರವನ್ನೇ ನಿಮ್ಮ ಮುಂದಿಡಬೇಕೆಂದಿದ್ದೇನೆ.

2018ರ ಆಗಸ್ಟ್ ಮಧ್ಯದ ಆ ಮೂರು ನಾಲ್ಕು ದಿನಗಳನ್ನು ಕೊಡಗಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಉದಯಗಿರಿ, ಕಾಲೂರು, ಮೊಣ್ಣಂಗೇರಿ, ಜೋಡುಪಾಲ. ಆವರೆಗೆ ಹೊರಗಿನವರಿಗೆ ಗೊತ್ತೇ ಇರದಿದ್ದ ಈ ಹೆಸರುಗಳು ಒಂದು ವಾರದಲ್ಲಿ ನಾಡಿಗೆಲ್ಲ ಗೊತ್ತಾದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಆಮೇಲೆ ಬಂದು ನೋಡಿದಾಗ ನೂರಕ್ಕೂ ಹೆಚ್ಚು ಕಡೆ ಭೂಕುಸಿತ ಗುರುತಿಸಿದರು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ ತಿಂಗಳುಗಟ್ಟಲೆ ಸರಿಹೋಗಲಿಲ್ಲ. ಮರುವರ್ಷ, 2019ರ ಆಗಸ್ಟ್‌ನಲ್ಲಿ, ವಿರಾಜಪೇಟೆ ಕಡೆಯ ತೋರ ಮತ್ತು ಭಾಗಮಂಡಲದ ಹತ್ತಿರದ ಕೋರಂಗಾಲ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಜಾರಿ ಪ್ರಧಾನ ಅರ್ಚಕರೂ ಸೇರಿ ಐವರು ಮಣ್ಣಿನಡಿ ಹೋದರು. ಸತತ ಮೂರು ಮಳೆಗಾಲದ ಕಕ್ಕಡ ಮಾಸಗಳು ಹೀಗೇ ಕಳೆದವು.

2018ರ ಆ ಮೊದಲ ಹದಿನೈದು ದಿನ ಕೊಡಗಿಗೆ ಬಂದ ನೆರವನ್ನು ಮರೆಯುವಂತಿಲ್ಲ. ರಾಜ್ಯದ ಮೂಲೆ ಮೂಲೆಯಿಂದ ಅಕ್ಕಿ, ಹೊದಿಕೆ, ಔಷಧಿ ತುಂಬಿದ ಲಾರಿಗಳು ಬಂದವು. ಆ ಜನರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಆದರೆ ಮನೆ ಕಟ್ಟಬೇಕು, ರಸ್ತೆ ಆಗಬೇಕು, ತೋಟ ಮತ್ತೆ ಬೆಳೆಯಬೇಕು ಎನ್ನುವುದು ಲಾರಿಯಲ್ಲಿ ಬರುವಂಥದ್ದಲ್ಲ. ಅದಕ್ಕೆ ಬೊಕ್ಕಸ ಬೇಕು. ಎರಡನೆಯ ವರ್ಷವೂ, ಐದನೆಯ ವರ್ಷವೂ ಬತ್ತದ ಬೊಕ್ಕಸ.

ಮನೆಯ ಲೆಕ್ಕವನ್ನೇ ನೋಡೋಣ. ಆಗಿನ ಕೇಂದ್ರದ ನಿಯಮದ ಪ್ರಕಾರ ಪೂರ್ತಿ ನೆಲಸಮವಾದ ಮನೆಗೆ ಬಯಲು ಸೀಮೆಯಲ್ಲಿ 95,100 ರೂಪಾಯಿ, ಗುಡ್ಡಗಾಡಿನಲ್ಲಿ 1,01,900 ರೂಪಾಯಿ. ಅದೇ ಹೊತ್ತಿನಲ್ಲಿ ಸಂತ್ರಸ್ತರಿಗೆಂದು ಜಂಬೂರು, ಮದೆನಾಡು, ಕರ್ಣಂಗೇರಿ ಮೊದಲಾದ ಕಡೆ ಸರ್ಕಾರ ಕಟ್ಟಿಸಲು ಹೊರಟ ಎರಡು ಕೋಣೆಯ ಮನೆಗೆ ತಗಲುವ ವೆಚ್ಚ ಹತ್ತು ಲಕ್ಷದ ಹತ್ತಿರ. ಒಂದು ಲಕ್ಷಕ್ಕೂ ಹತ್ತು ಲಕ್ಷಕ್ಕೂ ನಡುವಿನ ಕಂದಕವನ್ನು ರಾಜ್ಯದ ಖಜಾನೆ ತುಂಬಿತು, ಒಂದಷ್ಟನ್ನು ಇನ್ಫೋಸಿಸ್ ಪ್ರತಿಷ್ಠಾನದಂಥ ದಾನಿಗಳು ತುಂಬಿದರು. ಮನೆ ಸಿದ್ಧವಾಗುವವರೆಗೆ ಬಾಡಿಗೆಗೆಂದು ತಿಂಗಳಿಗೆ ಹತ್ತು ಸಾವಿರ ರೂಪಾಯಿ ಕೊಡುವ ಏರ್ಪಾಡೂ ಆಯಿತು. ಜಂಬೂರು ಮತ್ತು ಮದೆನಾಡಿನ 463 ಮನೆಗಳ ಹಸ್ತಾಂತರ ನಡೆದದ್ದು 2020ರ ಜೂನ್‌ನಲ್ಲಿ. ಬೆಟ್ಟ ಜರಿದದ್ದು 2018ರ ಆಗಸ್ಟ್‌ನಲ್ಲಿ. ನಡುವೆ ಸುಮಾರು ಎರಡು ವರ್ಷ ಬಾಡಿಗೆ ಮನೆ, ನೆಂಟರ ಮನೆ. ಇದನ್ನು ದೂರಾಗಿ ಹೇಳುತ್ತಿಲ್ಲ. ಮನೆಗಳು ಎದ್ದವು, ಜನ ಒಳಹೊಕ್ಕರು, ಅದು ದೊಡ್ಡ ಕೆಲಸ. ನನ್ನನ್ನು ಕಾಡುವುದು ಬೇರೆ ಪ್ರಶ್ನೆ. ಸರ್ಕಾರಕ್ಕೆ ಮನಸ್ಸಿಲ್ಲದ ವರ್ಷ, ದಾನಿಗಳ ಕಣ್ಣಿಗೆ ಬೀಳದ ಊರಿನಲ್ಲಿ ಇದೇ ಅನಾಹುತ ಆಗಿದ್ದರೆ? ಆಗ ಕೈಯಲ್ಲಿ ಉಳಿಯುತ್ತಿದ್ದದ್ದು ಆ ಒಂದು ಲಕ್ಷ ಮಾತ್ರ.

ಆ ಒಂದು ಲಕ್ಷವಾದರೂ ಎಲ್ಲಿಂದ ಬರುತ್ತದೆ? ಇಲ್ಲೊಂದು ಹಿರಿದಾದ ವ್ಯವಸ್ಥೆಯಿದೆ, ಅದನ್ನು ಗೌರವದಿಂದಲೇ ನೋಡಬೇಕು. 9ನೇ ಹಣಕಾಸು ಆಯೋಗದ ಶಿಫಾರಸಿನಂತೆ 1990ರಲ್ಲಿ ಪ್ರತಿ ರಾಜ್ಯಕ್ಕೂ ಒಂದು ವಿಪತ್ತು ಪರಿಹಾರ ನಿಧಿ ಬಂತು. ಮುಕ್ಕಾಲು ಪಾಲು ಕೇಂದ್ರದ್ದು, ಕಾಲು ಪಾಲು ರಾಜ್ಯದ್ದು. 2001ರ ಜನವರಿಯಲ್ಲಿ ಗುಜರಾತಿನ ಭುಜ್ ಭೂಕಂಪ ಆಯಿತು. ಆ ವರ್ಷದ ಬಜೆಟ್‌ನಲ್ಲಿ ಪಾನ್ ಮಸಾಲ, ಸಿಗರೇಟು, ಜಗಿಯುವ ತಂಬಾಕು ಮುಂತಾದವುಗಳ ಮೇಲೆ ರಾಷ್ಟ್ರೀಯ ವಿಪತ್ತಿಗೆಂದೇ ಒಂದು ಸುಂಕ ಹಾಕಿದರು. 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂತು. 2010ರಿಂದ ನಾವು ಈಗ ಪತ್ರಿಕೆಯಲ್ಲಿ ಓದುವ ಎಸ್‌ಡಿಆರ್‌ಎಫ್, ಎನ್‌ಡಿಆರ್‌ಎಫ್ ಎಂಬ ಎರಡು ನಿಧಿಗಳು, ಒಂದು ರಾಜ್ಯ ಮಟ್ಟದ್ದು, ಇನ್ನೊಂದು ರಾಷ್ಟ್ರ ಮಟ್ಟದ್ದು. ಎಂದರೆ, ಬಿಹಾರದ ಯಾವುದೋ ಪೇಟೆಯಲ್ಲಿ ತಂಬಾಕು ಕೊಂಡವನ ಕಾಸೂ ಮಕ್ಕಂದೂರಿನ ಮನೆಗೆ ಸೇರಿದೆ; ಇಲ್ಲಿನ ಕಾಸು ಒಡಿಶಾದ ಚಂಡಮಾರುತಕ್ಕೆ ಹೋಗಿದೆ. ನಾಟಿಯ ಹೊತ್ತಿಗೆ ಮುಯ್ಯಾಳು ಹೋಗುತ್ತಿದ್ದೆವಲ್ಲ, ಈ ವಾರ ನಿಮ್ಮ ಗದ್ದೆಗೆ ನಾವು, ಮುಂದಿನ ವಾರ ನಮ್ಮ ಗದ್ದೆಗೆ ನೀವು ಎಂದು, ಹಾಗೆ. ಮುಯ್ಯಾಳಿಗೆ ಬಂದವರ ಮುಂದೆ ಯಾರೂ ಕೈಯೊಡ್ಡಿ ನಿಲ್ಲುವುದಿಲ್ಲ. ಅದು ಹಕ್ಕು, ಅದು ಋಣ.

ಆದ್ದರಿಂದಲೇ ಅದರ ಅಳತೆಗೋಲು ಸರಿಯಿರಬೇಕು ಎಂದು ಕೇಳುವ ಅಧಿಕಾರ ನಮಗಿದೆ.

ಮೊದಲನೆಯದು ಪಾಲಿನ ಪ್ರಶ್ನೆ. ಈಶಾನ್ಯದ ಮತ್ತು ಹಿಮಾಲಯದ ರಾಜ್ಯಗಳಿಗೆ ರಾಜ್ಯ ಮಟ್ಟದ ನಿಧಿಯಲ್ಲಿ ಕೇಂದ್ರ ನೂರಕ್ಕೆ 90 ಪಾಲು ಕೊಡುತ್ತದೆ. ಬೇರೆ ರಾಜ್ಯಗಳಿಗೆ 75. ಬೆಟ್ಟದ ನಾಡಿಗೆ ಹೆಚ್ಚು ಕೊಡಬೇಕೆಂಬ ತತ್ವ ನ್ಯಾಯವಾದದ್ದೇ. ಆದರೆ ಅದು ಬೆಟ್ಟವನ್ನು ನೋಡುವುದಿಲ್ಲ, ರಾಜ್ಯದ ಹೆಸರನ್ನು ನೋಡುತ್ತದೆ. ಪಶ್ಚಿಮ ಘಟ್ಟದ ಕಡಿದಾದ ಇಳಿಜಾರಿನಲ್ಲಿ, ವರ್ಷದಲ್ಲಿ ನಾಲ್ಕು ತಿಂಗಳು ಮಳೆಯಲ್ಲೇ ನೆನೆಯುವ ಕೊಡಗು, ಲೆಕ್ಕದಲ್ಲಿ ಬಯಲು ಸೀಮೆಯೇ ಹೆಚ್ಚಿರುವ ಒಂದು ದೊಡ್ಡ ರಾಜ್ಯದ ಚಿಕ್ಕ ಮೂಲೆ. 2011ರ ಜನಗಣತಿಯಂತೆ ನಮ್ಮ ಜನಸಂಖ್ಯೆ ಐದೂವರೆ ಲಕ್ಷ. 1956ರವರೆಗೆ ಕೊಡಗು ತನ್ನದೇ ಸರ್ಕಾರ, ತನ್ನದೇ ಬಜೆಟ್ ಇದ್ದ ಪುಟ್ಟ ರಾಜ್ಯವಾಗಿತ್ತು. ಹಾಗೇ ಉಳಿದಿದ್ದರೆ ಅದನ್ನು ಗುಡ್ಡಗಾಡು ರಾಜ್ಯವೆಂದು ಎಣಿಸುತ್ತಿದ್ದರೋ ಏನೋ. ದೊಡ್ಡ ರಾಜ್ಯದಲ್ಲಿ ವಿಲೀನವಾದದ್ದನ್ನು ಪ್ರಶ್ನಿಸಲು ಈ ಮಾತು ಎತ್ತಲಿಲ್ಲ. ಮಳೆಗೆ ರಾಜ್ಯದ ಗಡಿ ಗೊತ್ತಿಲ್ಲ, ಹಣ ಮಾತ್ರ ಗಡಿ ನೋಡಿ ಬರುತ್ತದೆ ಎಂಬುದಷ್ಟೇ ನನ್ನ ಸಂಕಟ.

ಈ ಪಾಲು ಬದಲಾಗದ ಶಾಸನವೇನೂ ಅಲ್ಲ. ಕೊಡಗೂ ಕೇರಳವೂ ಮುಳುಗಿದ ಅದೇ 2018ರಲ್ಲಿ, ಸೆಪ್ಟೆಂಬರ್ ತಿಂಗಳಲ್ಲಿ, ಎಲ್ಲ ರಾಜ್ಯಗಳಿಗೂ ಕೇಂದ್ರದ ಪಾಲನ್ನು 90ಕ್ಕೆ ಏರಿಸಿದರು, ಅದನ್ನು ಏಪ್ರಿಲ್‌ನಿಂದಲೇ ಅನ್ವಯಿಸಿದರು. ಎರಡು ವರ್ಷ ಹಾಗೆ ನಡೆಯಿತು. 15ನೇ ಹಣಕಾಸು ಆಯೋಗ ಬಂದಾಗ ಮತ್ತೆ 75ಕ್ಕೆ ಇಳಿಯಿತು. ಏರಿಸಲು ಬರುತ್ತದೆ, ಇಳಿಸಲು ಬರುತ್ತದೆ. ಹಾಗಿದ್ದ ಮೇಲೆ, ಘಟ್ಟದ ಜಿಲ್ಲೆಗಳಿಗೆಂದು ಬೇರೆಯದೇ ಪಾಲು ನಿಗದಿ ಮಾಡಲು ಬರುವುದಿಲ್ಲವೇ?

ಎರಡನೆಯದು ದಾಖಲೆಯ ಪ್ರಶ್ನೆ. ಇದು ಕೊಡಗಿನಲ್ಲಿ ಬೇರೆಲ್ಲ ಕಡೆಗಿಂತ ಬಿಗಿಯಾದ ಗಂಟು. ಜಮ್ಮಾ, ಎಂದರೆ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ, ಭೂಮಿಯ ದಾಖಲೆಯಲ್ಲಿ ಪಟ್ಟೆದಾರರ ಹೆಸರಿರುತ್ತದೆ, ಜತೆಗೆ ಒಕ್ಕದ, ಎಂದರೆ ಮನೆತನದ, ಹಲವರ ಹೆಸರಿರುತ್ತದೆ, ಅವರಲ್ಲಿ ಕೆಲವರು ತೀರಿಕೊಂಡಿರುತ್ತಾರೆ, ಕೆಲವರು ಬೆಂಗಳೂರಿನಲ್ಲೋ ವಿದೇಶದಲ್ಲೋ ಇರುತ್ತಾರೆ. ತೋಟ ಮಾಡಿಕೊಂಡು ಅಲ್ಲೇ ಇದ್ದವನಿಗೆ ತನ್ನ ಪಾಲು ಇಷ್ಟೇ ಎಂದು ಕಾಗದದಲ್ಲಿ ತೋರಿಸಲಾಗದು. ಪೈಸಾರಿ, ಎಂದರೆ ಸರ್ಕಾರಿ, ಜಾಗದಲ್ಲಿ ಇಪ್ಪತ್ತು ಮೂವತ್ತು ವರ್ಷದಿಂದ ಮನೆ ಕಟ್ಟಿಕೊಂಡವನಿಗೆ ಹಕ್ಕುಪತ್ರ ಬಂದಿರುವುದಿಲ್ಲ. ಲೈನ್ ಮನೆಯಲ್ಲಿ ಇರುವ ತೋಟದ ಕೂಲಿಯವರಿಗಂತೂ ಪಹಣಿಯ ಮಾತೇ ಇಲ್ಲ. ಅವರು ಕಳೆದುಕೊಂಡದ್ದು ಪಾತ್ರೆ ಪಡಗ, ಬಟ್ಟೆ ಬರೆ, ಜತೆಗೆ ಕೆಲಸ. ಇನ್ನೊಂದು ಕಡೆ, ಐದೆಕರೆಗಿಂತ ತುಸು ಹೆಚ್ಚಿರುವ ರೈತ ಸಣ್ಣ ರೈತನೆಂಬ ಪಟ್ಟಿಯಿಂದಲೇ ಹೊರಗೆ. ಆರು ಎಕರೆಯಲ್ಲಿ ನಾಲ್ಕೆಕರೆ ಹೊಳೆಪಾಲಾದವನು ನೆಲ ಕಳೆದುಕೊಂಡ ಬಾಬ್ತಿನಲ್ಲಿ ಒಂದು ರೂಪಾಯಿಗೂ ಅರ್ಹನಲ್ಲ. ನಿಯಮ ಬರೆದವರು ದುರುಪಯೋಗ ಆಗಬಾರದೆಂದು ಬರೆದಿರಬಹುದು. ಆದರೆ ಕಾಗದ ಸರಿಯಿಲ್ಲ ಎಂಬ ಕಾರಣಕ್ಕೆ ಮಣ್ಣು ಜರಿದದ್ದು ಸುಳ್ಳಾಗುವುದಿಲ್ಲ.

ಆ ಮಣ್ಣು ಎಲ್ಲಿ ಹೋಯಿತು ಎಂಬುದನ್ನೂ ನೋಡಬೇಕು. ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರ ಕಡೆಯ ನೀರೆಲ್ಲ ಹರಿದು ಸೇರುವುದು ಹಾರಂಗಿ ಜಲಾಶಯಕ್ಕೆ. 2018ರಲ್ಲಿ ಆ ಕಡೆ ಜರಿದ ಬೆಟ್ಟಗಳ ಮಣ್ಣು, ಮರ, ಕಾಫಿ ಗಿಡ ಎಲ್ಲ ಅತ್ತಲೇ ಹೋಗಿ ಹೂಳಾಗಿ ಕೂತಿವೆ. ಹಾರಂಗಿಯ ನೀರು ಹೆಚ್ಚಾಗಿ ಹೋಗುವುದು ಮೈಸೂರು, ಹಾಸನ ಕಡೆಯ ಹೊಲಗಳಿಗೆ. ಅದಕ್ಕಿಂತ ಕೆಳಗೆ ಕೃಷ್ಣರಾಜಸಾಗರ, ಮಂಡ್ಯದ ಕಬ್ಬು ಭತ್ತ, ಬೆಂಗಳೂರಿನ ನಲ್ಲಿ, ಆಚೆಗೆ ತಂಜಾವೂರಿನ ಗದ್ದೆ. ಕಾವೇರಿ ನೀರಿನ ಪಾಲಿಗಾಗಿ ನ್ಯಾಯಮಂಡಳಿ ಕೂತಿತು, ಸುಪ್ರೀಂ ಕೋರ್ಟಿನವರೆಗೆ ವ್ಯಾಜ್ಯ ನಡೆಯಿತು, ಟಿಎಂಸಿ ಟಿಎಂಸಿಗೂ ಲೆಕ್ಕ ಹಾಕಿದರು. ಆ ನೀರನ್ನು ಹಿಡಿದು ಬಿಡುವ ಇಳಿಜಾರನ್ನು ಕಾಪಾಡುವ ವೆಚ್ಚದಲ್ಲಿ ಯಾರ ಪಾಲು ಎಷ್ಟು ಎಂಬ ಲೆಕ್ಕ ಮಾತ್ರ ಯಾವ ತೀರ್ಪಿನಲ್ಲೂ ಬಂದಿಲ್ಲ. ನದಿಯ ನೀರಿನಲ್ಲಿ ಪಾಲು ಕೇಳುವವರು ನದಿಯ ತಲೆಯಲ್ಲಿ ಆಗುವ ನಷ್ಟದಲ್ಲೂ ಪಾಲುದಾರರಾಗಬೇಕು. ಇದು ನನ್ನ ಅಭಿಪ್ರಾಯ, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ನಗರದ ನೀರಿನ ಬಿಲ್ಲಿನಲ್ಲಿ ಲೀಟರಿಗೆ ಇಷ್ಟು ಪೈಸೆ ಎಂದು ಕಾವೇರಿ ಕಣಿವೆಯ ಇಳಿಜಾರಿಗೆ ಎತ್ತಿಟ್ಟರೆ ಯಾವ ಮನೆಯವರಿಗೂ ಅದು ಹೊರೆಯಾಗದು.

ಹೊರಗಿನ ಜಗತ್ತು ವಿಪತ್ತಿನ ಪರಿಹಾರವನ್ನು ಹೇಗೆ ನಿಭಾಯಿಸುತ್ತದೆ? 2002ರ ಆಗಸ್ಟ್‌ನಲ್ಲಿ ಮಧ್ಯ ಯುರೋಪಿನ ಎಲ್ಬೆ, ಡ್ಯಾನ್ಯೂಬ್ ನದಿಗಳು ಉಕ್ಕಿ ಜರ್ಮನಿ, ಆಸ್ಟ್ರಿಯಾ, ಜೆಕ್ ಗಣರಾಜ್ಯದ ಊರುಗಳು ಮುಳುಗಿದವು. ಅದೇ ವರ್ಷ ಯುರೋಪಿನ ಒಕ್ಕೂಟ ಒಂದು ಐಕಮತ್ಯ ನಿಧಿ ಸ್ಥಾಪಿಸಿತು. ಆ ನಿಧಿಯ ಎರಡು ನಿಯಮಗಳು ನಮ್ಮವರು ಗಮನಿಸಬೇಕಾದಂಥವು. ಇಡೀ ದೇಶಕ್ಕೆ ಭಾರಿ ನಷ್ಟ ಆಗಿರಲೇಬೇಕೆಂದಿಲ್ಲ. ಒಂದು ಪ್ರಾಂತ್ಯಕ್ಕೆ ಆದ ನಷ್ಟ ಆ ಪ್ರಾಂತ್ಯದ ಒಟ್ಟು ಉತ್ಪನ್ನದ ನೂರಕ್ಕೆ ಒಂದೂವರೆ ಭಾಗ ಮೀರಿದರೂ ಸಾಕು, ನೆರವು ಕೇಳಬಹುದು. ಪುಟ್ಟ ಪ್ರಾಂತ್ಯದ ನಷ್ಟವನ್ನು ದೊಡ್ಡ ದೇಶದ ತಕ್ಕಡಿಯಲ್ಲಿ ಹಾಕಿ ಹಗುರವೆಂದು ತಳ್ಳಿಹಾಕುವುದಿಲ್ಲ. ಇನ್ನೊಂದು, ಒಂದು ದೇಶದಲ್ಲಿ ಆದ ದೊಡ್ಡ ವಿಪತ್ತು ಗಡಿಯಾಚೆಯ ನೆರೆ ದೇಶವನ್ನೂ ತಟ್ಟಿದ್ದರೆ, ಅಲ್ಲಿ ನಷ್ಟ ಕಡಿಮೆಯಿದ್ದರೂ ಅದಕ್ಕೂ ನೆರವು ಸಿಗುತ್ತದೆ. ಮಳೆ ಒಂದೇ, ಆದ್ದರಿಂದ ಲೆಕ್ಕವೂ ಒಂದೇ. 2018ರಲ್ಲಿ ಕೊಡಗಿಗೂ ವಯನಾಡಿಗೂ ಬಿದ್ದದ್ದು ಒಂದೇ ಮಳೆಯಲ್ಲವೇ? ಆ ನಿಧಿಯ ಹಣ ಕೈಸೇರುವುದು ನಿಧಾನ ಎಂಬ ದೂರು ಅಲ್ಲಿಯೂ ಇದೆ. ಆದರೂ ಅಳತೆಗೋಲು ನಮ್ಮದಕ್ಕಿಂತ ನ್ಯಾಯವಾದದ್ದು.

ಬೇಗ ಹಣ ತಲುಪಿಸುವ ದಾರಿ ಕಂಡುಕೊಂಡವರು ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪ ದೇಶಗಳು. ಹೆಚ್ಚಿನವು ನಮ್ಮ ಒಂದು ಜಿಲ್ಲೆಯಷ್ಟು, ಕೆಲವು ತಾಲ್ಲೂಕಿನಷ್ಟು. 2004ರ ಐವಾನ್ ಚಂಡಮಾರುತದಲ್ಲಿ ನೊಂದ ಮೇಲೆ, 2007ರಲ್ಲಿ ಹಲವು ದೇಶಗಳು ಸೇರಿ ಒಂದು ಸಾಮೂಹಿಕ ವಿಮಾ ನಿಧಿ ಮಾಡಿಕೊಂಡವು. ಅಲ್ಲಿ ನಷ್ಟದ ಸಮೀಕ್ಷೆ ಮುಗಿಯುವವರೆಗೆ ಕಾಯುವುದಿಲ್ಲ. ಗಾಳಿಯ ವೇಗ, ಭೂಕಂಪದ ತೀವ್ರತೆ ಮೊದಲೇ ಒಪ್ಪಿಕೊಂಡ ಮಟ್ಟ ಮೀರಿತೆಂದರೆ ಹದಿನಾಲ್ಕು ದಿನದೊಳಗೆ ಹಣ ಸಂದಾಯ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪ ಆದಾಗ ಆ ನಿಧಿಯಿಂದ ಸುಮಾರು 77 ಲಕ್ಷ ಡಾಲರ್ ತಲುಪಿತು. ಆದ ಅಪಾರ ನಷ್ಟದ ಮುಂದೆ ಅದು ಅಲ್ಪ, ನಿಜ. ಆದರೆ ಸರ್ಕಾರದ ಕಚೇರಿಗಳೇ ಕುಸಿದಿದ್ದ ದಿನಗಳಲ್ಲಿ ಕೈಗೆ ಬಂದ ಮೊದಲ ಹಣಗಳಲ್ಲಿ ಅದೊಂದು.

ಕೊಡಗಿನ ರೈತರಿಗೆ ಈ ಬಗೆ ಹೊಸತಲ್ಲ. ಕರಿಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟಿದವರಿಗೆ ಗೊತ್ತು, ಪರಿಹಾರ ನಿರ್ಧಾರವಾಗುವುದು ಮಳೆಮಾಪನದ ಅಂಕಿಯ ಮೇಲೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದವರೆಗೆ ತಾವಾಗಿಯೇ ವರದಿ ಕಳಿಸುವ ಮಳೆಮಾಪನಗಳನ್ನು ಇಟ್ಟಿದ್ದಾರೆ. ದೇಶದ ಹೆಚ್ಚಿನ ರಾಜ್ಯಗಳಲ್ಲಿ ಇಲ್ಲದ ಸೌಕರ್ಯ ಇದು. ನಾಗಾಲ್ಯಾಂಡ್ ಸರ್ಕಾರ ತನ್ನ ಇಡೀ ರಾಜ್ಯಕ್ಕೆ ಇಂಥ ಅಳತೆ ಆಧಾರಿತ ವಿಪತ್ತು ವಿಮೆ ಮಾಡಿಸಿದೆ. ಅಷ್ಟು ಚಿಕ್ಕ ರಾಜ್ಯಕ್ಕೆ ಸಾಧ್ಯವಾದದ್ದು ಕರ್ನಾಟಕಕ್ಕೆ ಆಗದೇ? ಒಂದು ಪಂಚಾಯಿತಿಯಲ್ಲಿ ಇಷ್ಟು ದಿನದಲ್ಲಿ ಇಷ್ಟು ಮಿಲಿಮೀಟರ್ ದಾಟಿತೆಂದರೆ, ಅರ್ಜಿ ಇಲ್ಲದೆ, ಪಹಣಿ ಇಲ್ಲದೆ, ಅಲ್ಲಿನ ಪ್ರತಿ ಪಡಿತರ ಚೀಟಿಗೂ ಒಂದು ಮೊತ್ತ ಹೋಗಲಿ. ಲೈನ್ ಮನೆಯವರಿಗೂ ಹೋಗಲಿ. ಉಳಿದ ಲೆಕ್ಕ ಆಮೇಲೆ ನಿಧಾನವಾಗಿ ಆಗಲಿ.

ನೆರೆಯ ಕೇರಳದಿಂದಲೂ ಕಲಿಯುವುದಿದೆ. 2018ರ ಪ್ರವಾಹದ ಬಳಿಕ ಜಿಎಸ್‌ಟಿ ಮಂಡಳಿಯ ಒಪ್ಪಿಗೆ ಪಡೆದು, 2019ರ ಆಗಸ್ಟ್‌ನಿಂದ ಎರಡು ವರ್ಷ ನೂರಕ್ಕೆ ಒಂದರಂತೆ ಪ್ರವಾಹ ಸೆಸ್ ಹಾಕಿದರು. ನೊಂದ ರಾಜ್ಯದ ಜನ ತಾವೇ ತಮ್ಮ ಮೇಲೆ ಹೇರಿಕೊಂಡ ತೆರಿಗೆ ಅದು. ಆಗ ವಿದೇಶಿ ಸರ್ಕಾರಗಳ ನೆರವನ್ನು ಭಾರತ ಒಪ್ಪಲಿಲ್ಲ; 2004ರ ಸುನಾಮಿಯಿಂದ ಬಂದ ನೀತಿ ಅದು. ನಮ್ಮ ಕಾಲ ಮೇಲೆ ನಾವು ನಿಲ್ಲುತ್ತೇವೆ ಎನ್ನುವುದು ಹೆಮ್ಮೆಯ ಮಾತು. ಆದರೆ ಹೊರಗಿನ ಕೈ ಬೇಡವೆಂದ ಮೇಲೆ ಒಳಗಿನ ಕೈ ಅಷ್ಟೇ ಧಾರಾಳವಾಗಿರಬೇಕು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ನಿರ್ನಾಮವಾದವು. ಕರ್ನಾಟಕ ಸರ್ಕಾರ ಅಲ್ಲಿ 100 ಮನೆ ಕಟ್ಟಿಸಿಕೊಡುವುದಾಗಿ ಹೇಳಿದ್ದು ನನಗೆ ಸಂತೋಷ ಕೊಟ್ಟ ಸುದ್ದಿ. ಆದರೆ 2025ರ ಫೆಬ್ರವರಿಯಲ್ಲಿ ಕೇಂದ್ರ ಅಲ್ಲಿನ ಪುನರ್ವಸತಿಗೆ 529.50 ಕೋಟಿ ಮಂಜೂರು ಮಾಡಿದ್ದು ಬಡ್ಡಿಯಿಲ್ಲದ ಸಾಲದ ರೂಪದಲ್ಲಿ. ಅದನ್ನೂ ಮಾರ್ಚ್ ಕೊನೆಯೊಳಗೆ ಖರ್ಚು ಮಾಡಬೇಕೆಂಬ ಷರತ್ತಿನಲ್ಲಿ. ಬಡ್ಡಿಯಿಲ್ಲದಿದ್ದರೂ ಸಾಲ ಸಾಲವೇ. ಮನೆಮಠ ಕಳೆದುಕೊಂಡ ಊರನ್ನು ಮತ್ತೆ ಕಟ್ಟಲು ಸಾಲ ಕೊಡುವುದು ನನಗೆ ಸರಿಕಾಣುವುದಿಲ್ಲ.

ಏಕೆಂದರೆ ಇದೇ ಮಾತನ್ನು ಭಾರತ ಜಗತ್ತಿನ ಮುಂದೆ ಹೇಳುತ್ತ ಬಂದಿದೆ. ಹವಾಮಾನ ಕೆಟ್ಟು ಬಡ ದೇಶಗಳು ಅನುಭವಿಸುತ್ತಿರುವ ನಷ್ಟಕ್ಕೆ ಶ್ರೀಮಂತ ದೇಶಗಳು ಹಣ ಕೊಡಬೇಕು, ಸಾಲವಾಗಿ ಅಲ್ಲ ಎಂದು ಬಡ ದೇಶಗಳು ದಶಕಗಳ ಕಾಲ ವಾದಿಸಿದವು. 2022ರಲ್ಲಿ ಈಜಿಪ್ಟಿನ ಶರ್ಮ್ ಅಲ್ ಶೇಖ್ ಸಮ್ಮೇಳನದಲ್ಲಿ ಅಂಥ ನಿಧಿಗೆ ಒಪ್ಪಿಗೆಯಾಯಿತು, 2023ರಲ್ಲಿ ದುಬೈಯಲ್ಲಿ ಅದಕ್ಕೆ ರೂಪ ಬಂತು. ಅಲ್ಲಿ ಘೋಷಣೆಯಾದ ಮೊತ್ತ 70 ಕೋಟಿ ಡಾಲರ್ ಆಸುಪಾಸು, ಜಗತ್ತಿಗೆಲ್ಲ ಸೇರಿ. ಸಾಲದು, ಆದರೆ ತತ್ವ ಗೆದ್ದಿತು. ದೇಶ ದೇಶಗಳ ನಡುವೆ ನ್ಯಾಯವಾದದ್ದು ರಾಜ್ಯ ರಾಜ್ಯಗಳ ನಡುವೆ, ರಾಜಧಾನಿಗೂ ಗಡಿ ಜಿಲ್ಲೆಗೂ ನಡುವೆ ನ್ಯಾಯವಾಗದೆ ಹೋಗಲು ಕಾರಣವೇ ಇಲ್ಲ.

ನಮ್ಮ ದೇಶದಲ್ಲಿ ದಾರಿಯೇ ಇಲ್ಲವೆಂದೂ ಅಲ್ಲ. 15ನೇ ಹಣಕಾಸು ಆಯೋಗ ತುರ್ತು ಪರಿಹಾರದ ಜತೆಗೆ ಪುನರ್ನಿರ್ಮಾಣಕ್ಕೆಂದು ಒಂದು ಭಾಗ, ಮುನ್ನೆಚ್ಚರಿಕೆ ಕಾಮಗಾರಿಗೆಂದು ಇನ್ನೊಂದು ಭಾಗ ತೆಗೆದಿಟ್ಟಿತು. ಉತ್ತರಾಖಂಡದ ಜೋಶಿಮಠ ಪಟ್ಟಣದ ನೆಲ ಕುಸಿಯತೊಡಗಿದಾಗ, 2023ರ ನವೆಂಬರ್‌ನಲ್ಲಿ ಅದೊಂದೇ ಊರಿಗೆ 1,658 ಕೋಟಿಯ ಯೋಜನೆಗೆ ಒಪ್ಪಿಗೆ ಸಿಕ್ಕಿತು. 2018ರಲ್ಲಿ ಈ ಏರ್ಪಾಡೇ ಇರಲಿಲ್ಲ. ಆ ವರ್ಷದ ಪ್ರವಾಹ ಮತ್ತು ಭೂಕುಸಿತಕ್ಕೆ ಇಡೀ ಕರ್ನಾಟಕಕ್ಕೆ ರಾಷ್ಟ್ರೀಯ ನಿಧಿಯಿಂದ ಮಂಜೂರಾದದ್ದು 546.21 ಕೋಟಿ. 2024ರ ನವೆಂಬರ್‌ನಲ್ಲಿ ಭೂಕುಸಿತ ತಡೆಗೆಂದೇ ಸಾವಿರ ಕೋಟಿಯ ಒಂದು ರಾಷ್ಟ್ರೀಯ ಯೋಜನೆಗೆ ಅನುಮೋದನೆ ಸಿಕ್ಕಿತು. ಅದರಲ್ಲಿ ಹಿಮಾಚಲಕ್ಕೆ 139 ಕೋಟಿ, ಕರ್ನಾಟಕಕ್ಕೆ 72 ಕೋಟಿ.

ಆ 72 ಕೋಟಿ ಕೊಡಗು, ಚಿಕ್ಕಮಗಳೂರು, ಹಾಸನ, ದಕ್ಷಿಣ ಕನ್ನಡ, ಉತ್ತರ ಕನ್ನಡ, ಹೀಗೆ ಘಟ್ಟದ ಉದ್ದಕ್ಕೂ ಹರಿದು ಹಂಚಿಹೋಗಬೇಕಾದ ಹಣ. ನಮ್ಮ ಗ್ರಾಮಸಭೆಗಳಲ್ಲಿ ಈ ಮಳೆಗಾಲಕ್ಕೆ ಮುಂಚೆಯೇ ಕೇಳಬೇಕಾದ ಪ್ರಶ್ನೆಗಳು ಮೂರು ಇವೆ. ಈ ಹಣದಲ್ಲಿ ನಮ್ಮ ಪಂಚಾಯಿತಿಯ ಯಾವ ಬರೆಗೆ ಕಾಮಗಾರಿ ಬಂದಿದೆ? ಅದನ್ನು ಯಾವ ಸಮೀಕ್ಷೆಯ ಮೇಲೆ ಆರಿಸಿದರು? ನಮ್ಮ ಪಂಚಾಯಿತಿಯ ಮಳೆಮಾಪನ ಕೆಲಸ ಮಾಡುತ್ತಿದೆಯೇ? ಇವುಗಳಿಗೆ ಉತ್ತರ ಲಿಖಿತವಾಗಿ ಪಡೆದು, ನಡಾವಳಿ ಪುಸ್ತಕದಲ್ಲಿ ಸೇರಿಸಿ, ಪ್ರತಿಯನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಕಳಿಸಿ. ಜಿಲ್ಲಾಧಿಕಾರಿಯವರೇ ಅದರ ಅಧ್ಯಕ್ಷರು.